ಹತ್ತು ಗಂಟೆಯ ಮೇಲೆ ಏಳದ ಯಂತ್ರಗಳು

ಕಣ್ಣಿನ ಆಸ್ಪತ್ರೆಯಲ್ಲಿ ಕಾಯುತ್ತ ಕೂತವರಿಗೆ ನೋಡಲು ಇರುವುದು ಒಂದೇ ವಸ್ತು, ಗೋಡೆಯ ಮೇಲಿನ ಟೋಕನ್ ಪರದೆ. ಅದು ಕಾಣಬೇಕಾದರೆ ಕಣ್ಣು ಚೆನ್ನಾಗಿರಬೇಕು. ಕಣ್ಣು ಚೆನ್ನಾಗಿದ್ದರೆ ಇಲ್ಲಿಗೆ ಬರುವ ಪ್ರಮೇಯವೇ ಇಲ್ಲ. ಈ ತೊಡಕನ್ನು ಯಾರೂ ಯೋಚಿಸಿದಂತೆ ಕಾಣುವುದಿಲ್ಲ. ಇವತ್ತು ಬೆಳಿಗ್ಗೆ ರಾಜಾಜಿನಗರದ ಅಂಥದೊಂದು ಆಸ್ಪತ್ರೆಯಲ್ಲಿ ನಾನು ಮೂವತ್ತೇಳನೇ ನಂಬರಿನವನಾಗಿ ಕೂತಿದ್ದಾಗ, ಇಪ್ಪತ್ತೊಂದರವರೆಗೆ ಬಂದಿದ್ದ ಪರದೆ ಇದ್ದಕ್ಕಿದ್ದಂತೆ ಕಪ್ಪಾಯಿತು. ಸ್ವಲ್ಪ ಹೊತ್ತಿಗೆ ಎಡಗಡೆ ಮೂಲೆಯಲ್ಲಿ ನಾಲ್ಕು ಸಾಲು ಬಿಳಿ ಇಂಗ್ಲಿಷ್ ಅಕ್ಷರ ಮೂಡಿತು. ಅದರ ಕೊನೆಯಲ್ಲಿ ಒಂದು ಪುಟ್ಟ ಗೀರು ನಿಂತಲ್ಲೇ ಗಿರಗಿರ ತಿರುಗತೊಡಗಿತು.

ಪಕ್ಕದಲ್ಲಿದ್ದವರು ನನ್ನ ಕಡೆ ಬಾಗಿ, "ಏನಂತೆ ಸಾರ್ ಅದು?" ಎಂದರು.

"ತಾನು ಯಾರು ಅಂತ ಕೇಳ್ತಾ ಇದೆ," ಎಂದೆ.

ಅವರು ನನ್ನನ್ನು ಒಮ್ಮೆ ನೋಡಿದರು. ಆಮೇಲೆ ಒಂದು ಕುರ್ಚಿ ಬಿಟ್ಟು ಆಚೆ ಕೂತರು.

ನಾನೇನೂ ಸುಳ್ಳು ಹೇಳಿರಲಿಲ್ಲ. ನಿಮ್ಮ ಮನೆಯ ಕಂಪ್ಯೂಟರಿಗೆ ತಾನು ಯಾರು, ತನ್ನ ಕೆಲಸವೇನು ಎಂಬುದೆಲ್ಲ ಒಳಗಿನ ಹಾರ್ಡ್ ಡಿಸ್ಕಿನಲ್ಲಿ ಬರೆದಿರುತ್ತದೆ. ಡಿಸ್ಕೇ ಇಲ್ಲದ ಕಂಪ್ಯೂಟರುಗಳೂ ಇವೆ. ಅವಕ್ಕೆ ಎದ್ದಾಗ ಏನೇನೂ ನೆನಪಿರುವುದಿಲ್ಲ. ತಮಗೆ ಸಿಕ್ಕಿಸಿದ ತಂತಿಯೊಳಗೆ 'ನಾನು ಯಾರು, ಗೊತ್ತಿದ್ದವರು ಹೇಳಿ' ಎಂದು ಕೂಗುತ್ತವೆ. ಎಲ್ಲೋ ಕೂತ ಸರ್ವರು 'ನೀನು ಇಷ್ಟನೇ ನಂಬರಿನವನು, ನಿನಗೆ ಬೇಕಾದ್ದು ಇಲ್ಲಿದೆ, ತಗೋ' ಎನ್ನುತ್ತದೆ. ಅಷ್ಟು ಸಿಕ್ಕಿದರೆ ಎದ್ದು ಕೂತು ಕೆಲಸ ಶುರು. ಸಂಜೆ ಆಫ್ ಮಾಡಿದರೆ ಮತ್ತೆ ಎಲ್ಲ ಮರೆವು. ಋಷಿಗಳು ಇಡೀ ಜನ್ಮ ಸವೆಸಿದ ಪ್ರಶ್ನೆಯನ್ನು ಇವು ದಿನಾ ಬೆಳಿಗ್ಗೆ ಕೇಳಿ ಅರ್ಧ ನಿಮಿಷದಲ್ಲಿ ಉತ್ತರ ಪಡೆಯುತ್ತವೆ. ಪಡೆಯದೇ ಹೋದರೆ ಏನಾಗುತ್ತದೆ ಎನ್ನುವುದನ್ನು ನನ್ನಷ್ಟು ಬಲ್ಲವರು ಪಶ್ಚಿಮ ಬೆಂಗಳೂರಿನಲ್ಲಿ ಕಡಿಮೆ. ಒಂದು ಬೇಸಿಗೆ ರಜೆಯನ್ನು ನಾನು ಪೂರ್ತಿ ಆ ತಿರುಗುವ ಗೀರನ್ನೇ ನೋಡುತ್ತ ಕಳೆದೆ, ವಿಜಯನಗರದಲ್ಲಿ, ಪದ್ಮಾವತಿ ಮೇಡಂ ಅವರ ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ.

ಮಾರೇನಹಳ್ಳಿ ಕಡೆಗೆ ತಿರುಗುವ ರಸ್ತೆಯಲ್ಲಿ, ಕೆಳಗೆ ಹಲ್ಲಿನ ಡಾಕ್ಟರು, ಮೇಲೆ ಮೇಡಂ. ಆ ಸುತ್ತಿನಲ್ಲಿ ಗುಮಾಸ್ತರಾದವರಲ್ಲಿ ಅರ್ಧ ಜನ ಆ ಮೆಟ್ಟಿಲು ಹತ್ತಿ ಇಳಿದವರೇ. ಮೇಡಂ ಕಿಟಕಿ ಕಡೆ ಮುಖ ಮಾಡಿ, ನಮಗೆ ಬೆನ್ನು ಕೊಟ್ಟು ನಿಲ್ಲುತ್ತಿದ್ದರು. ಹದಿನಾಲ್ಕು ಟೈಪ್‌ರೈಟರುಗಳ ಆಲಿಕಲ್ಲು ಮಳೆಯ ನಡುವೆ, "ಆರನೇ ಮಿಷನ್ನು, ಬೆರಳು ನೋಡ್ತಿದೀಯ," ಎನ್ನುತ್ತಿದ್ದರು. ಆರನೇ ಮಿಷನ್ನು ಸಾಮಾನ್ಯವಾಗಿ ನಾನು. ಜೂನಿಯರ್ ಪರೀಕ್ಷೆಯಲ್ಲಿ ಎರಡು ಸಲ ನಪಾಸಾದೆ. ಆಗ ಮೇಡಂ ನಮ್ಮಮ್ಮನನ್ನು ಕರೆಸಿ, "ಹುಡುಗ ಬುದ್ಧಿವಂತ, ಆದ್ರೆ ಬೆರಳು ಶುದ್ಧ ದಡ್ಡ," ಎಂದು ಹೇಳಿದರು. ನಮ್ಮಮ್ಮ ನೆಂಟರಿಷ್ಟರಿಗೆಲ್ಲ ಅದರ ಮೊದಲ ಅರ್ಧವನ್ನು ಮಾತ್ರ ತಿಳಿಸಿದರು. ನಾನು ಬೆಳೆದದ್ದು ಆ ಅರ್ಧ ವಾಕ್ಯದ ನೆರಳಿನಲ್ಲಿ.

ಮುಂದೆ ನಾನೊಂದು ಪಾಲಿಟೆಕ್ನಿಕ್ಕಿನ ಕಂಪ್ಯೂಟರ್ ಲ್ಯಾಬಿಗೆ ಇನ್‌ಸ್ಟ್ರಕ್ಟರ್ ಆದೆ. ಹತ್ತು ಬೆರಳಿನ ಕೆಲಸವನ್ನು ಎರಡು ಬೆರಳಿನಲ್ಲಿ ಮಾಡುತ್ತ ಇಪ್ಪತ್ತೈದು ವರ್ಷ ಸಂಬಳ ತೆಗೆದುಕೊಂಡೆ. ರಸ್ತೆಯಲ್ಲಿ ಮೇಡಂ ಸಿಕ್ಕಾಗ ಮಾತ್ರ ಕೈಗಳನ್ನು ಹೇಗೋ ಜೇಬಿನೊಳಗೆ ಇಟ್ಟುಕೊಳ್ಳುತ್ತಿದ್ದೆ.

ಟೈಪಿಂಗ್ ಪರೀಕ್ಷೆ ಕಂಪ್ಯೂಟರಿನಲ್ಲಿ ಬರೆಯುವ ಕಾಲ ಬಂತು. ಮೇಡಂ ಕೆಲವು ದಿನ ಅದು ಬಂದೇ ಇಲ್ಲ ಎನ್ನುವ ಹಾಗೆ ಇದ್ದರು. ಮೇಡಂ ಕೈಯಲ್ಲಿ ಕಲಿತ ಒಬ್ಬರು ಕೈಗಾರಿಕಾ ಬಡಾವಣೆಯ ಯಾವುದೋ ಕಾರ್ಖಾನೆಯ ಆಡಳಿತ ವಿಭಾಗದಲ್ಲಿ ದೊಡ್ಡ ಹುದ್ದೆಯಲ್ಲಿದ್ದರು. ಅವರು ಗುರುದಕ್ಷಿಣೆ ಎಂಬಂತೆ ತಮ್ಮಲ್ಲಿ ಬೇಡವಾದ ಹತ್ತು ಕಂಪ್ಯೂಟರುಗಳನ್ನು ಗೂಡ್ಸ್ ಆಟೋದಲ್ಲಿ ಕಳಿಸಿಕೊಟ್ಟರು. ಕಾರ್ಖಾನೆಯ ಗುಟ್ಟು ಹೊರಗೆ ಹೋಗಬಾರದೆಂದು ಒಳಗಿನ ಡಿಸ್ಕುಗಳನ್ನು ಕಿತ್ತುಕೊಂಡಿದ್ದರು. ಆ ವಾರವೇ ನನಗೆ ಮೇಡಂ ಫೋನು ಬಂತು.

"ಬಾರೋ ಇಲ್ಲಿ. ಹತ್ತು ಮಿಷನ್ ಬಂದಿದೆ, ಒಂದಕ್ಕೂ ತಲೆ ಇಲ್ಲ."

ಹೋಗಿ ನೋಡಿದೆ. ನನ್ನ ಜೀವನದಲ್ಲಿ ಅಂಥ ಸಂದರ್ಭ ಮತ್ತೆ ಬರಲಾರದು ಎನ್ನಿಸಿತು. ನನ್ನನ್ನು ಎರಡು ಸಲ ನಪಾಸು ಮಾಡಿದ ಕೋಣೆ. ಅದರ ನಡುವೆ ದಿಕ್ಕು ತೋಚದೆ ನಿಂತಿರುವ ಮೇಡಂ. ಆರನೇ ಮಿಷನ್ನಿನ ಜಾಗದಲ್ಲಿ, ಕೈಗಳನ್ನು ಜೇಬಿನಿಂದ ಹೊರತೆಗೆದ ನಾನು.

"ಡಿಸ್ಕೇ ಬೇಡ ಮೇಡಂ," ಎಂದೆ. "ಒಂದು ಕಂಪ್ಯೂಟರ್‌ಗೆ ಇದ್ರೆ ಸಾಕು. ಮಿಕ್ಕಿದ್ದೆಲ್ಲ ವೈರ್‌ನಲ್ಲಿ ಅದರಿಂದಾನೇ ತಗೊಂಡು ಏಳ್ತವೆ. ಎರಡು ದಿನದ ಕೆಲಸ."

"ನೀನು ಮಾಡಿದೀಯೇನೋ ಇದನ್ನ?"

"ನಮ್ಮ ಲ್ಯಾಬ್‌ನಲ್ಲಿ ಮೂವತ್ತು ಮಿಷನ್ ಹಿಂಗೇ ನಡೀತಿವೆ ಮೇಡಂ."

ಈ ಉತ್ತರವನ್ನು ದಯವಿಟ್ಟು ಗಮನಿಸಿ. ಇದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಮೂವತ್ತು ಮಿಷನ್ನು ನಡೆಯುತ್ತಿದ್ದವು. ಅವನ್ನು ಜೋಡಿಸಿದ್ದು ಮಾತ್ರ ಎಲ್ಲಿಂದಲೋ ಬಂದಿದ್ದ ಒಬ್ಬ ಇಂಜಿನಿಯರು. ಅವರು ಜೋಡಿಸುವಾಗ ನಾನು ಪಕ್ಕದಲ್ಲಿ ಕಾಫಿ ಲೋಟ ಹಿಡಿದು ನಿಂತಿದ್ದೆ. ಅಂದಿನಿಂದ ದಿನಾ ಸ್ವಿಚ್ ಒತ್ತುತ್ತಿದ್ದುದು ನಾನು. ಹತ್ತು ವರ್ಷ ಸ್ವಿಚ್ ಒತ್ತಿದವನಿಗೆ ತಾನೇ ಅದನ್ನು ಕಟ್ಟಿದೆ ಎನ್ನಿಸುವುದು ಸಹಜ. ಪ್ರಪಂಚದ ಎಷ್ಟೋ ಅಧಿಕಾರ ನಿಂತಿರುವುದೇ ಆ ಅನ್ನಿಸಿಕೆಯ ಮೇಲೆ.

ನನ್ನ ಮನೆಯ ಹಳೇ ಕಂಪ್ಯೂಟರು ಸರ್ವರಾಗಿ ಬಡ್ತಿ ಪಡೆದು ಮೇಡಂ ಅವರ ಮೇಜಿನ ಕೆಳಗೆ ಕೂತಿತು. ನೆಲದುದ್ದಕ್ಕೂ ತಂತಿ ಎಳೆದು, ಹತ್ತನ್ನೂ ಸರ್ವರನ್ನೂ ತಂತಿಗಳನ್ನು ಕೂಡಿಸುವ ಒಂದು ಚಪ್ಪಟೆ ಪೆಟ್ಟಿಗೆಗೆ ಸೇರಿಸಿದೆ. ಕೆಳಗಿನ ಹಲ್ಲಿನ ಡಾಕ್ಟರು ಒಳ್ಳೆಯವರು. "ಇಂಟರ್ನೆಟ್ ಇರಲಿ ಸಾರ್, ನಮ್ಮದರಿಂದಲೇ ತಗೊಳ್ಳಿ," ಎಂದು ತಮ್ಮ ವೈಫೈ ಪೆಟ್ಟಿಗೆಯಿಂದ ಒಂದು ತಂತಿಯನ್ನು ಕಿಟಕಿಯ ಮೂಲಕ ಮೇಲಕ್ಕೆ ಬಿಟ್ಟರು. ಅದನ್ನೂ ಖುಷಿಯಿಂದ ಅದೇ ಪೆಟ್ಟಿಗೆಗೆ ಸಿಕ್ಕಿಸಿದೆ.

ಇಷ್ಟರಲ್ಲಿ ಎರಡು ದಿನ ಕಳೆದು ಎರಡು ವಾರ ನಡೆಯುತ್ತಿತ್ತು. ಮೇಡಂ ಕುರ್ಚಿ ಎಳೆದುಕೊಂಡು ಕೂತು ಎಲ್ಲ ಕೇಳುತ್ತಿದ್ದರು. ಒಂದು ದಿನ, ನಾನು ನಿಮಗೆ ಈಗ ಹೇಳಿದ ಹಾಗೆಯೇ ಅವರಿಗೂ ವಿವರಿಸಿದೆ.

"ಅಂದ್ರೆ ದಿನಾ ಬೆಳಿಗ್ಗೆ ಎಲ್ಲಾ ಮರೆತು ಬಂದು ಮತ್ತೆ ಮೊದಲಿಂದ ಕೇಳ್ತವೆ?"

"ಹೌದು ಮೇಡಂ."

"ನೀನೂ ಹಾಗೇ ಇದ್ದೆ ಕಣೋ," ಎಂದರು.

ಕೊನೆಗೊಂದು ಬೆಳಿಗ್ಗೆ ಏಳು ಗಂಟೆಗೆ ಹತ್ತೂ ಎದ್ದವು. ಮೇಡಂ ಪ್ರತಿಯೊಂದಕ್ಕೂ ಕುಂಕುಮ ಇಟ್ಟು, ಊದಿನಕಡ್ಡಿ ಬೆಳಗಿದರು. ಬೆಳಗಿನ ಬ್ಯಾಚಿನವರು ಕೂತು ಎಂಟೂವರೆವರೆಗೆ ಟೈಪ್ ಮಾಡಿದರು. ಕರೆಂಟು ಉಳಿಸಲೆಂದು ಮೇಡಂ ಎಲ್ಲವನ್ನೂ ಆಫ್ ಮಾಡಿಸಿದರು. ನಾನು ಮನೆಗೆ ಹೋಗಿ, ಹೆಂಡತಿಯಿಂದ ಎರಡನೇ ಸಲ ಉಪ್ಪಿಟ್ಟು ಹಾಕಿಸಿಕೊಂಡು ತಿಂದು, ಹತ್ತು ಗಂಟೆಯ ಬ್ಯಾಚಿಗೆ ವಾಪಸು ಬಂದೆ. ಸ್ವಿಚ್ ಒತ್ತಿದೆ. ಕಪ್ಪು ಪರದೆ, ಬಿಳಿ ಅಕ್ಷರ, ತಿರುಗುವ ಗೀರು. ಸ್ವಲ್ಪ ಹೊತ್ತು ತಿರುಗಿ ಅದೂ ನಿಂತಿತು. ಹತ್ತರಲ್ಲಿ ಒಂದೂ ಏಳಲಿಲ್ಲ.

ಮಾರನೇ ದಿನವೂ ಹಾಗೆಯೇ. ಬೆಳಿಗ್ಗೆ ಹತ್ತೂ ಚುರುಕು, ಹತ್ತು ಗಂಟೆಯ ಮೇಲೆ ಹತ್ತೂ ಮೂಕ. ಕಾರಣ ಗೊತ್ತಿಲ್ಲ ಎನ್ನುವ ಪದ್ಧತಿ ನನ್ನಲ್ಲಿ ಇರಲಿಲ್ಲ. ಹಾಗಾಗಿ ಕಾರಣಗಳನ್ನು ಕೊಡುತ್ತ ಹೋದೆ. ಮೊದಲ ದಿನ ವೋಲ್ಟೇಜು ಎಂದೆ. ಎರಡನೇ ದಿನ ಬಿಸಿಲೇರಿದ ಮೇಲೆ ಸರ್ವರು ಕಾಯುತ್ತದೆ ಎಂದೆ. ಮೇಡಂ ತಮ್ಮ ಟೇಬಲ್ ಫ್ಯಾನನ್ನು ಅದರ ಕಡೆಗೆ ತಿರುಗಿಸಿ ತಾವು ಬೆವರುತ್ತ ಕೂತರು. ಮೂರನೇ ದಿನ ಧೂಳು ಎಂದೆ. ಆಮೇಲೆ ತಂತಿಗಳ ತುದಿಗಳನ್ನೆಲ್ಲ ಕತ್ತರಿಸಿ ಹೊಸದಾಗಿ ಹಾಕಿದೆ. ಪ್ರತಿ ಸಲವೂ ಬೆಳಿಗ್ಗೆ ಎಲ್ಲ ಸರಿಯಾಗಿ, ನಾನು ಹೇಳಿದ್ದೇ ನಿಜವೆಂದು ತೋರಿ, ಹತ್ತು ಗಂಟೆಗೆ ಸುಳ್ಳಾಗುತ್ತಿತ್ತು.

ಹತ್ತು ಗಂಟೆಯ ಬ್ಯಾಚಿನಲ್ಲಿದ್ದವರು ಮೂರು ನಾಲ್ಕು ಜನ. ಅವರಲ್ಲಿ ನಾಗರತ್ನ ಎಂಬವರು ಕೆಂಗೇರಿಯಿಂದ ಬರುತ್ತಿದ್ದರು. ನಲವತ್ತರ ಆಚೆ ಈಚೆ ಇರಬಹುದು. ಗಂಡ ಸರ್ಕಾರಿ ಕಚೇರಿಯೊಂದರಲ್ಲಿದ್ದವರು ತೀರಿಕೊಂಡಿದ್ದರು. ಅನುಕಂಪದ ಆಧಾರದ ಮೇಲೆ ಇವರಿಗೆ ಕೆಲಸ ಸಿಕ್ಕಿತ್ತು, ಆದರೆ ಗೊತ್ತುಪಡಿಸಿದ ಅವಧಿಯೊಳಗೆ ಟೈಪಿಂಗ್ ಪಾಸಾಗಬೇಕೆಂಬ ಷರತ್ತಿನೊಂದಿಗೆ. ಎರಡು ಸಲ ಬರೆದು ಎರಡು ಸಲವೂ ಹೋಗಿತ್ತು. ಈ ಸಲದ್ದೇ ಕೊನೆಯದು. ಅದಕ್ಕಾಗಿ ರಜೆ ಹಾಕಿ, ಮನೆಯಲ್ಲಿ ಅತ್ತೆಗೆ ತಿಂಡಿ ಮಾಡಿಟ್ಟು, ಬಸ್ಸು ಹಿಡಿದು ಬಂದು ಸರಿಯಾಗಿ ಹತ್ತಕ್ಕೆ ಕೂರುತ್ತಿದ್ದರು. ಅವರು ಕಲಿತದ್ದು ಟೈಪ್‌ರೈಟರಿನಲ್ಲಿ, ಹಾಗಾಗಿ ಏಳದ ಯಂತ್ರದ ಕೀಬೋರ್ಡಿನ ಮೇಲೆ ಅಭ್ಯಾಸ ಮಾಡುವಾಗಲೂ ಕೈ ಬಲವಾಗಿ ಬೀಳುತ್ತಿತ್ತು. ಒಂದೊಂದು ಅಕ್ಷರವೂ ರಾಗಿ ಕುಟ್ಟಿದ ಹಾಗೆ.

ಒಂದು ದಿನ ಹತ್ತೂವರೆಗೆ ಅವರು ನಾಲ್ಕನೇ ಮಿಷನ್ನಿನ ಮುಂದೆ ಕೂತಿದ್ದರು. ಪರದೆ ಕಪ್ಪಗಿತ್ತು. ನಾನು ಅವರ ಹಿಂದೆ ಸ್ಕ್ರೂಡ್ರೈವರ್ ಹಿಡಿದು ನಿಂತಿದ್ದೆ. ಮೇಡಂ ಕಿಟಕಿಯ ಬಳಿಯಿಂದ, ನಿಜವಾಗಿ ತಿಳಿದುಕೊಳ್ಳಬೇಕೆಂಬ ದನಿಯಲ್ಲಿ, "ಇವತ್ತೇನಾಯ್ತೋ?" ಎಂದರು.

ನನ್ನಲ್ಲಿ ಕಾರಣಗಳು ಮುಗಿದಿದ್ದವು.

"ಇವರ ಕೈ ಸ್ವಲ್ಪ ಭಾರ ಮೇಡಂ," ಎಂದುಬಿಟ್ಟೆ. "ನೋಡಿ, ಬೆಳಗಿನ ಬ್ಯಾಚ್‌ನೋರಿಗೆ ಏನೂ ಆಗಲ್ಲ. ಇವರು ಬಂದು ಕೂತ್ಮೇಲೇ ಇದು ಶುರು. ಹಂಗೆ ಕುಟ್ಟಿದ್ರೆ ಇವು ತಡ್ಕೊಳ್ಳಲ್ಲ."

ಆಮೇಲೆ ಎಷ್ಟೋ ಸಲ ಆ ಮಾತನ್ನು ತಿರುವಿ ಹಾಕಿ ನೋಡಿದ್ದೇನೆ. ಎದ್ದೇ ಇರದ ಯಂತ್ರವನ್ನು ಯಾರಾದರೂ ಕುಟ್ಟಿ ಹೇಗೆ ಕೆಡಿಸಿಯಾರು? ಒಂದು ಮಿಷನ್ನಿನ ಮುಂದೆ ಕೂತವರು ಹತ್ತನ್ನೂ ಹೇಗೆ ಮಲಗಿಸಿಯಾರು? ಕೋಣೆಯಲ್ಲಿದ್ದ ಯಾರೂ ಕೇಳಲಿಲ್ಲ. ಬಲ್ಲವನು ಎನ್ನಿಸಿಕೊಂಡವನು ಸ್ಕ್ರೂಡ್ರೈವರ್ ಹಿಡಿದು ಹೇಳಿದರೆ ಯಾರು ಕೇಳುತ್ತಾರೆ? ಅದೂ ಅಲ್ಲದೆ ನನ್ನ ಬಳಿ ಒಂದು ಪುರಾವೆಯೂ ಇತ್ತು. ಮಂಗಳವಾರ ಹತ್ತು ಗಂಟೆಗೂ ಯಂತ್ರಗಳು ಚೆನ್ನಾಗಿ ಎದ್ದಿದ್ದವು. ಮಂಗಳವಾರ ನಾಗರತ್ನ ಬರುತ್ತಿರಲಿಲ್ಲ, ಅತ್ತೆಯನ್ನು ಫಿಸಿಯೋಥೆರಪಿಗೆ ಕರೆದುಕೊಂಡು ಹೋಗುವ ದಿನ ಅದು. ಈ ಲೆಕ್ಕ ಎಷ್ಟು ಚೆನ್ನಾಗಿ ಕೂತಿತ್ತೆಂದರೆ, ಹೇಳುವ ಹೊತ್ತಿಗೆ ನಾನೇ ಅದನ್ನು ನಂಬಿಬಿಟ್ಟಿದ್ದೆ.

ನಾಗರತ್ನ ಎದ್ದು ನಿಂತು, ಕೀಬೋರ್ಡನ್ನು ಸೆರಗಿನ ತುದಿಯಿಂದ ಒರೆಸಿದರು. ಕುರ್ಚಿಯನ್ನು ಸದ್ದಾಗದ ಹಾಗೆ ಒಳಗೆ ತಳ್ಳಿದರು. "ಬರ್ತೀನಿ ಮೇಡಂ," ಎಂದು ಮೆಟ್ಟಿಲಿಳಿದು ಹೋದರು.

ಮಾರನೇ ದಿನ ಬರಲಿಲ್ಲ. ಅದರ ಮಾರನೇ ದಿನವೂ ಇಲ್ಲ. ಮೇಡಂ ಫೋನು ಮಾಡಿದರೆ, "ಮನೇಲೇ ಅಭ್ಯಾಸ ಮಾಡ್ತಿದೀನಿ ಮೇಡಂ, ಬೇರೆಯೋರಿಗೆ ತೊಂದ್ರೆ ಬೇಡ," ಎಂದರಂತೆ.

ಮೇಡಂ ಅವರಿಗೆ ಒಂದು ಅಭ್ಯಾಸ. ಇನ್‌ಸ್ಟಿಟ್ಯೂಟಿಗೆ ಬಂದದ್ದೆಲ್ಲ ಹಾಜರಿ ಪುಸ್ತಕಕ್ಕೆ ಹೋಗಬೇಕು. ಯಂತ್ರಗಳಿಗೂ ಒಂದು ಪುಸ್ತಕ ಇಟ್ಟಿದ್ದರು. ಒಂದರಿಂದ ಹತ್ತರವರೆಗೆ ಹೆಸರಿನ ಬದಲು ನಂಬರು, ದಿನಕ್ಕೆ ಎರಡು ಬ್ಯಾಚು, ಎದ್ದರೆ ಗುರುತು, ಏಳದಿದ್ದರೆ ಸೊನ್ನೆ. ನಾನು ಅದನ್ನು ನೋಡಿ ಒಳಗೊಳಗೇ ನಕ್ಕಿದ್ದೆ. ಯಂತ್ರಕ್ಕೆ ಹಾಜರಿ ಹಾಕುವವರು ಇನ್ನು ಅದರ ತಂದೆ ತಾಯಿಯನ್ನು ಕರೆಸುವುದೊಂದು ಬಾಕಿ ಎಂದುಕೊಂಡಿದ್ದೆ. ನಾಗರತ್ನ ಬಿಟ್ಟು ಎಂಟು ದಿನವಾದ ಮೇಲೆ ಮೇಡಂ ಆ ಪುಸ್ತಕವನ್ನು ನನ್ನ ಮುಂದಿಟ್ಟರು.

"ಇದನ್ನ ಸ್ವಲ್ಪ ನೋಡು."

ನೋಡಿದೆ. ಬೆಳಗಿನ ಬ್ಯಾಚಿನಲ್ಲಿ ಸಾಲಾಗಿ ಗುರುತು. ಹತ್ತು ಗಂಟೆಯದರಲ್ಲಿ ಸಾಲಾಗಿ ಸೊನ್ನೆ, ಮೂರು ಮಂಗಳವಾರಗಳನ್ನು ಬಿಟ್ಟು.

"ನಾಗರತ್ನ ಬರದೆ ಎಂಟು ದಿನ ಆಯ್ತು. ಸೊನ್ನೆ ಮಾತ್ರ ಬರ್ತಾನೇ ಇದೆ," ಎಂದರು ಮೇಡಂ. "ಮಂಗಳವಾರ ಅವಳೊಬ್ಬಳೇ ಅಲ್ಲ ಕಣೋ ರಜಾ. ಕೆಳಗಡೆ ಡಾಕ್ಟ್ರೂ ರಜಾ. ಮಿಕ್ಕಿದ್ ದಿನ ಒಂಬತ್ತೂವರೆಗೆ ಬಂದು ಬಾಗಿಲು ತೆಗೀತಾರೆ. ಏನಾದ್ರೂ ಸಂಬಂಧ ಇದ್ಯಾ? ನಂಗೆ ಗೊತ್ತಿಲ್ಲ, ಕೇಳ್ದೆ ಅಷ್ಟೆ."

ನಾನು ಕಿಟಕಿಯಿಂದ ಬಂದಿದ್ದ ತಂತಿಯನ್ನು ನೋಡಿದೆ.

ಡಾಕ್ಟರ ವೈಫೈ ಪೆಟ್ಟಿಗೆಗೂ ನಂಬರು ಹಂಚುವ ಅಧಿಕಾರ ಇರುತ್ತದೆ. ಅಂಥ ಎಲ್ಲ ಪೆಟ್ಟಿಗೆಗಳಿಗೂ ಇರುತ್ತದೆ. ಒಂಬತ್ತೂವರೆಗೆ ಅವರು ಮೇನ್ ಸ್ವಿಚ್ ಹಾಕಿದೊಡನೆ ಅದು ಎದ್ದು ಕೂರುತ್ತಿತ್ತು. ಹತ್ತು ಗಂಟೆಗೆ ನಮ್ಮ ಯಂತ್ರಗಳು 'ನಾನು ಯಾರು' ಎಂದು ಕೂಗಿದಾಗ, ಮೇಜಿನ ಕೆಳಗಿನ ನನ್ನ ಮುದಿ ಸರ್ವರು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಕೆಳಗಿನ ಪೆಟ್ಟಿಗೆ ಚುರುಕಾಗಿ ಉತ್ತರ ಕೊಟ್ಟುಬಿಡುತ್ತಿತ್ತು: 'ನೀನು ಇಷ್ಟನೇ ನಂಬರು.' ಸರಿ, ಮುಂದೇನು ಮಾಡಲಿ ಎಂದು ಕೇಳಿದರೆ ಅದಕ್ಕೆ ಗೊತ್ತಿಲ್ಲ. ಹೆಸರಿಟ್ಟು ಕೈಬಿಟ್ಟ ಹಾಗೆ. ಒಂದೇ ತಂತಿಯ ಮೇಲೆ ನಂಬರು ಕೊಡುವವರು ಇಬ್ಬರಿರಬಾರದು ಎನ್ನುವುದು ಈ ವಿದ್ಯೆಯ ಮೊದಲ ಪಾಠ. ಅದನ್ನು ನಾನು ಪ್ರತಿ ವರ್ಷ ವಿದ್ಯಾರ್ಥಿಗಳಿಗೆ ಬರೆಸುತ್ತಿದ್ದೆ. ಬರೆಸಿದ್ದು, ಅಷ್ಟೆ.

ಬಗ್ಗಿ ಆ ತಂತಿಯನ್ನು ಕಿತ್ತೆ. ಹನ್ನೊಂದು ಗಂಟೆಯಾಗಿತ್ತು. ಸ್ವಿಚ್ ಒತ್ತಿದೆ. ಗೀರು ತಿರುಗಿತು. ಒಂದಾದ ಮೇಲೊಂದು, ಹತ್ತೂ ಎದ್ದವು.

ಕೆಳಗೆ ಹೋಗಿ ಡಾಕ್ಟರಿಗೆ ತಿಳಿಸುವುದು ಮರ್ಯಾದೆ ಎನ್ನಿಸಿತು. ಅವರು ತಮ್ಮ ಪೆಟ್ಟಿಗೆ ಮೂರು ವಾರದಿಂದ ಮೇಲಿನವರಿಗೆ ತೊಂದರೆ ಕೊಡುತ್ತಿತ್ತೆಂದು ಕೇಳಿ ನಿಜವಾಗಿಯೂ ನೊಂದುಕೊಂಡರು. "ಛೆ, ಏನ್ ಸಾರ್, ಮೊದಲೇ ಹೇಳ್ಬಾರ್ದಾ," ಎಂದರು. ಆಮೇಲೆ, ಬಂದದ್ದು ಬಂದಿದ್ದೀರಿ ಎಂದು ಕುರ್ಚಿಯ ಮೇಲೆ ಮಲಗಿಸಿ ಬಾಯಿ ತೆಗೆಸಿ ನೋಡಿದರು. ಎರಡು ಹಲ್ಲಿನಲ್ಲಿ ಹುಳುಕಿತ್ತು. ಅವತ್ತು ನನ್ನ ಬಗ್ಗೆ ಪತ್ತೆಯಾಗುವುದು ಇನ್ನೂ ಇತ್ತು ಅನ್ನಿ.

ಮೇಲೆ ಬಂದಾಗ ಮೇಡಂ ಪುಸ್ತಕದಲ್ಲಿ ಗುರುತು ಹಾಕುತ್ತಿದ್ದರು. ತಲೆ ಎತ್ತದೆಯೇ, "ನಾಗರತ್ನಂಗೆ ಯಾರು ಹೇಳ್ತಾರೆ?" ಎಂದರು.

"ಫೋನ್ ಮಾಡ್ತೀನಿ ಮೇಡಂ."

"ಹೇಳಿದ್ದು ಎದುರಿಗೆ ತಾನೇ? ನಾಲ್ಕು ಜನರ ಮುಂದೆ. ಅದನ್ನ ಫೋನಲ್ಲಿ ವಾಪಸ್ ತಗೊಳ್ಳಕ್ಕಾಗಲ್ಲ ಕಣೋ."

ಬಸ್ಸು ಹತ್ತಿದೆ. ನಾಯಂಡಹಳ್ಳಿಯಲ್ಲಿ ಮುಕ್ಕಾಲು ಗಂಟೆ ನಿಂತಿತು. ಅಷ್ಟರಲ್ಲಿ ನಾನು ಮೂರು ಬಗೆಯ ಮಾತು ಜೋಡಿಸಿಕೊಂಡೆ. ಮೂರರಲ್ಲೂ ತಾಂತ್ರಿಕ ಕಾರಣ ಎಂಬ ಪದವಿತ್ತು. ಕೆಂಗೇರಿ ಉಪನಗರದಲ್ಲಿ ವಿಳಾಸ ಹಿಡಿದು ಹೋಗಿ ಬಾಗಿಲು ತಟ್ಟಿದಾಗ ಮಂಚದ ಮೇಲಿಂದ ಅವರ ಅತ್ತೆಯೇ ಕೇಳಿದರು, "ಯಾರಪ್ಪಾ?"

"ಟೈಪಿಂಗ್ ಇನ್‌ಸ್ಟಿಟ್ಯೂಟಿಂದ ಬಂದಿದೀನಮ್ಮ."

"ನಮ್ಮ ಹುಡುಗಿ ಕೆಡಿಸಿದ ಮಿಷನ್ನು ರಿಪೇರಿ ಆಯ್ತಾ?"

ಆ ಮಾತಿನಲ್ಲಿ ಕೊಂಕಿರಲಿಲ್ಲ. ಕಾಳಜಿಯಿತ್ತು. ನನ್ನ ಮೂರು ಬಗೆಯ ಮಾತುಗಳೂ ಅಲ್ಲಿಯೇ ಬಿದ್ದುಹೋದವು.

ನಾಗರತ್ನ ಊಟದ ಮೇಜಿನ ಬಳಿ ಕೂತಿದ್ದರು. ಮುಂದೆ ಒಂದು ರಟ್ಟು, ಅದರ ಮೇಲೆ ಬಾಲ್‌ಪೆನ್ನಿನಲ್ಲಿ ಗೀಟು ಎಳೆದು ಬರೆದ ಕೀಲಿಗಳು. ಅದರ ಮೇಲೆ ಬೆರಳಾಡಿಸುತ್ತಿದ್ದರು, ತಾಕಿತೋ ಇಲ್ಲವೋ ಎಂಬಷ್ಟು ಹಗುರವಾಗಿ. ಮೆಲ್ಲಗೆ ಒತ್ತುವುದನ್ನು ಕಲಿಯುತ್ತಿದ್ದರು. ನನ್ನನ್ನು ಕಂಡು ಎದ್ದು ನಿಂತರು.

"ಕೂತ್ಕೊಳ್ಳಿ," ಎಂದೆ, ನಾನೇ ಮನೆಯವನ ಹಾಗೆ. "ಮಿಷನ್ ಕೆಟ್ಟಿರ್ಲಿಲ್ಲ. ನಿಮ್ಮಿಂದ ಏನೂ ಆಗಿರ್ಲಿಲ್ಲ. ವೈರ್ ಹಾಕ್ದೋನು ನಾನು, ತಪ್ಪಾಗಿ ಹಾಕಿದ್ದೆ. ಏನಾಗಿದೆ ಅಂತ ನಂಗೆ ಗೊತ್ತಿರ್ಲಿಲ್ಲ. ಗೊತ್ತಿಲ್ಲ ಅನ್ನಕ್ಕೆ ನಾಚಿಕೆಯಾಗಿ ನಿಮ್ಮ ಹೆಸರು ಹೇಳ್ಬಿಟ್ಟೆ."

ಅವರು ರಟ್ಟನ್ನು ಮಗುಚಿ ಪಕ್ಕಕ್ಕಿಟ್ಟರು.

"ನಮ್ಮ ಯಜಮಾನ್ರು ಹೋದಾಗ್ಲಿಂದ ಆಫೀಸಲ್ಲಿ ಏನ್ ಕೆಟ್ರೂ ನನ್ನ ಕೈಗುಣ ಅಂತಾರೆ ಸಾರ್," ಎಂದರು. "ಫೈಲ್ ಕಳೆದ್ರೂ ಅಷ್ಟೆ, ಫ್ಯಾನ್ ನಿಂತ್ರೂ ಅಷ್ಟೆ. ಹಾಗಾಗಿ ನೀವು ಹೇಳಿದ್ದು ಹೊಸದೇನಲ್ಲ. ನಂಗೂ ಹೌದೇನೋ ಅನ್ನಿಸ್ತು." ಆಮೇಲೆ ತಲೆ ಎತ್ತಿ, "ವಾಪಸ್ ತಗೊಳ್ಳಕ್ಕೆ ಮನೆ ತನಕ ಬಂದೋರು ನೀವೇ ಮೊದಲು. ಕಾಫಿ ಕುಡೀತೀರಾ?" ಎಂದರು.

ಕುಡಿದೆ. ಒಳ್ಳೆಯ ಕಾಫಿ. ಬಾಯಿಗೆ ರುಚಿ ಹತ್ತಲಿಲ್ಲ.

ಪರೀಕ್ಷೆಗೆ ಹನ್ನೊಂದು ದಿನ ಉಳಿದಿತ್ತು. ನಾಗರತ್ನ ಮತ್ತೆ ಬಂದು ಕೂತರು. ಆದರೆ ರಟ್ಟಿನ ಮೇಲಿನ ಎಂಟು ದಿನ ಅವರ ಕೈಗೆ ಹತ್ತಿಬಿಟ್ಟಿತ್ತು. ಬೆರಳು ಅಂಜಿ ಅಂಜಿ ಇಳಿಯುತ್ತಿತ್ತು, ವೇಗ ಅರ್ಧಕ್ಕೆ ಬಿದ್ದಿತ್ತು. ಒತ್ತಿದ ಅಕ್ಷರ ಬಂತೋ ಇಲ್ಲವೋ ಎಂದು ಪ್ರತಿ ಸಲ ಪರದೆ ನೋಡುತ್ತಿದ್ದರು. ಅದನ್ನು ನೋಡಿಕೊಂಡು ಆ ಕೋಣೆಯಲ್ಲಿರುವುದು ನನಗೆ ಬಹಳ ಕಷ್ಟವಾಯಿತು. ಕಾಲೇಜು ಶುರುವಾಗಿದ್ದರೂ ರಜೆ ಹಾಕಿ ದಿನಾ ಹೋದೆ. ಹೋಗಿ ಮಾಡುವುದಕ್ಕೇನೂ ಇರಲಿಲ್ಲ, ಯಂತ್ರಗಳು ತಾವಾಗಿಯೇ ಏಳುತ್ತಿದ್ದವು.

ಮೂರನೇ ದಿನ ಮೇಡಂ ಕಿಟಕಿಯಿಂದ ತಿರುಗಿದರು. ಪಾಠ ನಡೆಯುವಾಗ ಅವರು ತಿರುಗಿದ್ದನ್ನು ನಾನು ಹಿಂದೆಂದೂ ನೋಡಿರಲಿಲ್ಲ.

"ನಾಗರತ್ನ, ನಿನ್ ಸದ್ದೇ ಕೇಳಿಸ್ತಿಲ್ವಲ್ಲಮ್ಮ. ಮೊದಲಿನ ಹಾಗೆ ಕುಟ್ಟು. ಮುರಿದ್ರೆ ಮುರೀಲಿ, ಇವನು ತಂದ್ಕೊಡ್ತಾನೆ."

ನಾನು ತಲೆಯಾಡಿಸಿದೆ. ನಾಗರತ್ನ ನನ್ನ ಕಡೆ ನೋಡಿ, ಮೊದಲ ಸಲ ಸ್ವಲ್ಪ ನಕ್ಕರು. ಆಮೇಲೆ ಕುಟ್ಟಿದರು. ಐದನೇ ದಿನದ ಹೊತ್ತಿಗೆ ಕೋಣೆಯಲ್ಲಿ ಮತ್ತೆ ರಾಗಿ ಕುಟ್ಟುವ ಸದ್ದು. ಒಂಬತ್ತನೇ ದಿನ ಅವರ ಕೀಬೋರ್ಡಿನ ಸ್ಪೇಸ್ ಬಾರು ನಿಜವಾಗಿಯೂ ಕಿತ್ತು ಬಂತು. ನನಗೆ ಅಷ್ಟು ಸಂತೋಷವಾದದ್ದು ಕಡಿಮೆ. ಓಡಿ ಹೋಗಿ ಹೊಸದು ತಂದುಕೊಟ್ಟೆ.

ಪರೀಕ್ಷೆ ಬಸವೇಶ್ವರನಗರದ ಒಂದು ಕಾಲೇಜಿನಲ್ಲಿ. ಅಲ್ಲಿ ಪ್ರತಿ ಕಂಪ್ಯೂಟರಿಗೂ ಸ್ವಂತ ಡಿಸ್ಕಿತ್ತು. ಯಾವುದೂ ಯಾರನ್ನೂ ಏನೂ ಕೇಳುವ ಹಾಗಿರಲಿಲ್ಲ. ಅಂದರೆ ನಾನು ಅಷ್ಟು ಪಾಡುಪಟ್ಟು ಜೋಡಿಸಿದ್ದಕ್ಕೂ ಅಲ್ಲಿಗೂ ಏನೇನೂ ಸಂಬಂಧವಿಲ್ಲ. ಮೇಡಂ ಮತ್ತು ನಾನು ಗೇಟಿನ ಹೊರಗೆ ಹೊಂಗೆ ಮರದ ಕೆಳಗೆ ನಿಂತಿದ್ದೆವು. ಮೊದಲನೇ ಮಹಡಿಯ ತೆರೆದ ಕಿಟಕಿಯಿಂದ ಕೀಲಿಗಳ ಸದ್ದು ಬರುತ್ತಿತ್ತು, ದೂರದ ಮಳೆಯ ಹಾಗೆ ಸಣ್ಣಗೆ. ಅದರ ನಡುವೆ ಒಂದು ಸದ್ದು ಮಾತ್ರ ಬೇರೆ. ಮೇಡಂ ಕಣ್ಣು ಮುಚ್ಚಿ ಕೇಳಿಸಿಕೊಂಡರು. ಸ್ವಲ್ಪ ಹೊತ್ತಿನ ಮೇಲೆ, "ಪಾಸು," ಎಂದರು. ಆಮೇಲೆ ಆಟೋ ಹುಡುಕಲು ಹೊರಟೇಬಿಟ್ಟರು. ಫಲಿತಾಂಶ 'ಪಾಸು' ಎಂದು ಬರಲು ಎರಡು ತಿಂಗಳು ಹಿಡಿಯಿತು.

ಇನ್‌ಸ್ಟಿಟ್ಯೂಟ್ ಆಮೇಲೆ ನಾಲ್ಕು ವರ್ಷ ನಡೆಯಿತು. ಮೇಡಂ ಈಗ ಅತ್ತಿಗುಪ್ಪೆಯಲ್ಲಿ ತಂಗಿಯ ಜೊತೆ ಇದ್ದಾರೆ, ಅಲ್ಲಿನ ಮಹಿಳಾ ಸಮಾಜದಲ್ಲಿ ಎಲ್ಲರಿಗೂ ಹಾಜರಿ ಹಾಕುತ್ತಾರಂತೆ. ನಾನು ನಿವೃತ್ತನಾದೆ.

ಇಷ್ಟನ್ನೆಲ್ಲ ನೆನೆಯುತ್ತ ಕೂತಿದ್ದಾಗಲೇ ನರ್ಸು ಬಂದು ನನ್ನ ಕಣ್ಣಿಗೆ ಔಷಧಿ ಹಾಕಿ, ಅರ್ಧ ಗಂಟೆ ಮುಚ್ಚಿಕೊಂಡಿರಿ ಎಂದು ಹೇಳಿ ಹೋದರು. ಜೇಬಿನಲ್ಲಿ ಫೋನು ಹೊಡೆದುಕೊಂಡಿತು. ಯಾರದೆಂದು ಕಾಣಲಿಲ್ಲ, ಅಂದಾಜಿನ ಮೇಲೆ ಒತ್ತಿ ಕಿವಿಗಿಟ್ಟೆ.

"ಸಾರ್, ನಾಗರತ್ನ. ನಮ್ಮ ಸೆಕ್ಷನ್ನಿನ ಕಂಪ್ಯೂಟರ್ ಬೆಳಿಗ್ಗೆಯಿಂದ ಆನ್ ಆಗ್ತಿಲ್ಲ. ನಿನ್ನೆ ಟ್ರಾನ್ಸ್‌ಫರ್ ಆಗಿ ಬಂದಿರೋ ಒಬ್ರು ಅದರ ಮುಂದೆ ಕೂತಿದ್ರು. ಅವರೇ ಏನೋ ಮಾಡಿದ್ರು ಅಂತ ಎಲ್ರೂ ಹೇಳ್ತಿದಾರೆ. ಪಾಪ ಅವರು ಅಳೋ ಹಾಗಾಗಿದಾರೆ. ಏನಾಗಿರಬಹುದು ಸಾರ್?"

ವೋಲ್ಟೇಜು ಎನ್ನುವ ಪದ ನಾಲಿಗೆಯ ತುದಿಗೆ ಬಂತು. ಬಂದದ್ದನ್ನು ನುಂಗಿದೆ.

"ನೋಡದೆ ಹೇಳಕ್ಕಾಗಲ್ಲಮ್ಮ. ನಂಗೆ ಗೊತ್ತಿಲ್ಲ."

"ಒಂದ್ನಿಮಿಷ ಇರಿ ಸಾರ್, ಸ್ಪೀಕರ್‌ಗೆ ಹಾಕ್ತೀನಿ. ಇಪ್ಪತ್ತೈದು ವರ್ಷ ಕಂಪ್ಯೂಟರ್ ಲ್ಯಾಬಲ್ಲಿದ್ದೋರು ಅಂತ ಹೇಳಿದೀನಿ. ಈಗ ಹೇಳಿದ್ರಲ್ಲ, ಅದನ್ನೇ ಇನ್ನೊಂದ್ಸಲ ಜೋರಾಗಿ ಹೇಳಿ."

ಕಣ್ಣು ಮುಚ್ಚಿಕೊಂಡೇ, ತುಂಬಿದ ಆಸ್ಪತ್ರೆಯ ಹಾಲಿನಲ್ಲಿ, ಉಸಿರು ತೆಗೆದುಕೊಂಡು ಹೇಳಿದೆ:

"ಏನಾಗಿದೆ ಅಂತ ನಂಗೆ ಗೊತ್ತಿಲ್ಲ!"

ಸುತ್ತಲಿನ ಮಾತೆಲ್ಲ ಒಮ್ಮೆ ನಿಂತಿತು. ಎಲ್ಲರೂ ನನ್ನ ಕಡೆ ತಿರುಗಿರಬೇಕು.